ನೀರೊಳಗಿನ ವೈರಿ ಯಾರು?

ವಿಡಿಯೋ ಆಟಕ್ಕೂ ಒಂದು ವಿಮರ್ಶೆಯೇ ಅಂತ ಮೂಗೆಳೆಯುವವರು ನಮ್ಮ ನಡುವೆ ಇದ್ದಾರೆ. ಇರಲಿ. ಪಾಡ್ದನವನ್ನೂ ನೇಜಿ ನೆಡುವ ಹೆಂಗಸರ ಹಾಡನ್ನೂ ಸಾಹಿತ್ಯ ಅಂತ ಒಪ್ಪಿಕೊಳ್ಳಲಿಕ್ಕೆ ನಮ್ಮ ಪಂಡಿತ ಮಹಾಶಯರು ಎಷ್ಟು ಕಾಲ ತೆಗೆದುಕೊಂಡರು ಎನ್ನುವುದನ್ನು ನಾವು ಮರೆತಿಲ್ಲ. ದಿನವಿಡೀ ದುಡಿದು ಬಂದ ಹುಡುಗರು ರಾತ್ರಿ ಹನ್ನೆರಡರ ತನಕ ಯಾವುದರ ಮುಂದೆ ಕಣ್ಣು ನೆಟ್ಟು ಕೂರುತ್ತಾರೋ ಅದರೊಳಗೆ ಎಂಥ ಜಗತ್ತಿದೆ, ಅಲ್ಲಿ ಯಾರು ಯಜಮಾನ, ಯಾರು ಆಳು, ಯಾರನ್ನು ವೈರಿ ಅಂತ ತೋರಿಸಿದ್ದಾರೆ ಎಂದು ಕೇಳುವುದು ವಿಮರ್ಶೆಯ ಕೆಲಸ. ಈ ಕೆಲಸವನ್ನು ನಾವು ಮಾಡದೆ ಹೋದರೆ ಕಂಪನಿಗಳ ಜಾಹೀರಾತು ಮಾಡುತ್ತದೆ.

ಬಾರ್ಕೂರಿನ ನಮ್ಮ ಗೆಳೆಯನೊಬ್ಬನ ಮನೆ ಸೀತಾ ಹೊಳೆಗೆ ಹತ್ತಿರ. ಮಳೆಗಾಲದಲ್ಲಿ ಕೆಲಸ ಕಡಿಮೆ. ಸಮುದ್ರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆ ಹೊತ್ತಿನಲ್ಲಿ ಊರಿನ ಹುಡುಗರ ಕೈಯಲ್ಲಿ ಇರುವುದು ಮೊಬೈಲು, ಮೊಬೈಲಿನೊಳಗೆ ಇರುವುದು ಬಿಜಿಎಂಐ. ನೂರು ಜನ ಒಂದು ದ್ವೀಪಕ್ಕೆ ಹಾರಿ ಒಬ್ಬರನ್ನೊಬ್ಬರು ಗುಂಡಿಟ್ಟು ಕೊಂದು ಕಡೆಗೆ ಉಳಿದವನು ಗೆದ್ದ ಅನ್ನುವ ಆಟ ಅದು. ಇದರ ನಡುವೆ ಬೆಂಗಳೂರಿನಿಂದ ರಜೆಗೆ ಬಂದ ಒಬ್ಬ ತನ್ನ ಲ್ಯಾಪ್‌ಟಾಪಿನಲ್ಲಿ ‘ಸಬ್‌ನಾಟಿಕಾ’ ಎಂಬ ಇನ್ನೊಂದು ಆಟ ತಂದ. ಅದು ನೀರಿನೊಳಗೆ ಬದುಕಿ ಉಳಿಯುವ ಆಟ. ನಾವು ನಾಲ್ಕೈದು ಜನ ಸರದಿಯ ಮೇಲೆ ಆಡಿದೆವು. ಆಡಿದ್ದಕ್ಕಿಂತ ಜಗಳವಾಡಿದ್ದು ಹೆಚ್ಚು. ಆ ಜಗಳವೇ ಈ ಬರಹಕ್ಕೆ ಕಾರಣ.

ಮೊದಲು ಆಟ ಎಂಥದ್ದು ಅಂತ ಹೇಳಿಬಿಡುತ್ತೇವೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಅನ್‌ನೋನ್ ವರ್ಲ್ಡ್ಸ್ ಎಂಬ ಸಂಸ್ಥೆ ಇದನ್ನು ತಯಾರಿಸಿತು. 2014ರ ಡಿಸೆಂಬರಿನಲ್ಲಿ ಅರೆಬರೆ ರೂಪದಲ್ಲಿ ಜನರ ಕೈಗೆ ಕೊಟ್ಟು, ಅವರ ಮಾತು ಕೇಳುತ್ತ ತಿದ್ದಿ, 2018ರ ಜನವರಿಯಲ್ಲಿ ಪೂರ್ತಿಯಾಗಿ ಬಿಡುಗಡೆ ಮಾಡಿದರು. ಅರೋರಾ ಎಂಬ ದೊಡ್ಡ ಆಕಾಶನೌಕೆ 4546ಬಿ ಎಂಬ ಗ್ರಹದ ಮೇಲೆ ಬೀಳುತ್ತದೆ. ಆ ಗ್ರಹವೆಲ್ಲ ನೀರೇ ನೀರು. ಬದುಕಿ ಉಳಿದವನ ಹೆಸರು ರೈಲಿ ರಾಬಿನ್ಸನ್. ನೌಕೆ ಆಲ್ಟೆರಾ ಎಂಬ ಕಂಪನಿಯದ್ದು. ಈತ ಅಲ್ಲಿ ಕ್ಯಾಪ್ಟನ್ನೂ ಅಲ್ಲ, ವಿಜ್ಞಾನಿಯೂ ಅಲ್ಲ. ಅಷ್ಟೇನೂ ಅಗತ್ಯವಿಲ್ಲದ ಯಂತ್ರಗಳ ದುರಸ್ತಿ ನೋಡಿಕೊಳ್ಳುವವ. ಅವನ ಹುದ್ದೆಯ ಹೆಸರಿನಲ್ಲೇ ಆ ‘ಅಗತ್ಯವಿಲ್ಲದ’ ಎಂಬ ಮಾತಿದೆ! ಇಡೀ ಆಟದಲ್ಲಿ ಈತ ಬಾಯಿ ಬಿಡುವುದಿಲ್ಲ. ಮಾತೆಲ್ಲ ಅವನ ಕೈಲಿರುವ ಕಂಪನಿಯ ಯಂತ್ರದ್ದು.

ಉಸಿರು ಕಟ್ಟುವ ಮೊದಲು ಮೇಲೆ ಬರಬೇಕು. ಮೀನು ಹಿಡಿದು ತಿನ್ನಬೇಕು. ಕುಡಿಯುವ ನೀರು ಮಾಡಿಕೊಳ್ಳಬೇಕು. ಲೋಹದ ಚೂರು ಹೆಕ್ಕಿ ಉಪಕರಣ ಮಾಡಿ, ಉಪಕರಣದಿಂದ ಸಣ್ಣ ದೋಣಿ ಮಾಡಿ, ದೋಣಿಯಲ್ಲಿ ಇನ್ನೂ ಆಳಕ್ಕೆ ಹೋಗಬೇಕು. ಹೋದ ಕಡೆಯಲ್ಲೆಲ್ಲ ಕಚ್ಚುವ, ಸುತ್ತುವ, ಸಿಡಿಯುವ ಜಂತುಗಳು. ಒಂದು ಸಲ ಓಡಿಸಿದರೆ ಮತ್ತೆ ಬರುತ್ತವೆ. ಈ ಬಿಡದೆ ಕಾಡುವ ಜಂತುಗಳನ್ನು ಏನು ಮಾಡಬೇಕು? ಇಡೀ ಆಟ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಬಂದೂಕು ಎಲ್ಲಿದೆ ಅಂತ ನಮ್ಮ ಹುಡುಗರು ಮೊದಲ ಅರ್ಧ ಗಂಟೆ ಹುಡುಕಿದರು. ಇಲ್ಲ. ಒಂದು ಚಾಕು ಇದೆ. ಮುಂದೆ ಹೋದರೆ ಪ್ರಾಣಿಯನ್ನು ಕೆಲಕ್ಷಣ ಇದ್ದಲ್ಲೇ ನಿಲ್ಲಿಸುವ ಒಂದು ಕೋವಿ, ವಸ್ತುಗಳನ್ನು ಎಳೆದು ತಳ್ಳುವ ಒಂದು ಯಂತ್ರ ಸಿಗುತ್ತವೆ. ಗುಂಡು ಹಾರಿಸುವ ಕೋವಿ ಮಾತ್ರ ಇಲ್ಲವೇ ಇಲ್ಲ. ಇದು ಮರೆವಿನಿಂದ ಆದದ್ದಲ್ಲ. ಇದೇ ಸಂಸ್ಥೆ ಮೊದಲು ‘ನ್ಯಾಚುರಲ್ ಸೆಲೆಕ್ಷನ್’ ಎಂಬ ಗುಂಡಿನ ಆಟಗಳನ್ನು ಮಾಡಿ ಹೆಸರು ಪಡೆದದ್ದು. ಅದರ ಎರಡನೆಯ ಆಟ 2012ರ ಅಕ್ಟೋಬರಿನಲ್ಲಿ ಬಂತು. ಅದೇ ವರ್ಷ ಡಿಸೆಂಬರ್ 14ರಂದು ಅಮೆರಿಕದ ಸ್ಯಾಂಡಿ ಹುಕ್ ಶಾಲೆಯಲ್ಲಿ ಒಬ್ಬ ಬಂದೂಕು ಹಿಡಿದು ನುಗ್ಗಿ 20 ಮಕ್ಕಳನ್ನೂ 6 ಜನ ದೊಡ್ಡವರನ್ನೂ ಕೊಂದ. ಆಟದ ನಿರ್ದೇಶಕ ಚಾರ್ಲಿ ಕ್ಲೀವ್‌ಲ್ಯಾಂಡ್ ಈ ಘಟನೆಯ ನಂತರ, ಜಗತ್ತಿಗೆ ಇನ್ನಷ್ಟು ಬಂದೂಕು ಸೇರಿಸುವುದಿಲ್ಲ ಎಂದು ನಿರ್ಧರಿಸಿದ್ದನ್ನು ಬಹಿರಂಗವಾಗಿ ಹೇಳಿದ್ದಾರೆ. ವ್ಯಾಪಾರದ ದೃಷ್ಟಿಯಿಂದ ಇದು ಅಪಾಯದ ತೀರ್ಮಾನ. ಕಲಾವಿದನೊಬ್ಬ ತನ್ನ ಕಾಲದ ರಕ್ತಪಾತಕ್ಕೆ ಉತ್ತರವಾಗಿ ತನ್ನ ಮಾಧ್ಯಮದ ರೂಪವನ್ನೇ ಬದಲಿಸಿದ್ದು ಸಣ್ಣ ಸಂಗತಿಯಲ್ಲ. ಇದನ್ನು ನಾವು ಮನಸಾರೆ ಒಪ್ಪುತ್ತೇವೆ.

ಬಂದೂಕು ತೆಗೆದ ಮೇಲೆ ಏನಾಯಿತು ನೋಡಿ. ಪ್ರತಿ ಜಂತುವನ್ನೂ ನಾವು ನೋಡಿ ಕಲಿಯಬೇಕಾಯಿತು. ಕಡಲಪಾಚಿಯ ಕಾಡಿನಲ್ಲಿ ಸ್ಟಾಕರ್ ಎಂಬ ಉದ್ದ ಮೂತಿಯ ಮೀನಿದೆ. ಅಟ್ಟಿಸಿಕೊಂಡು ಬಂದು ಕಚ್ಚುತ್ತದೆ. ಪೀಪರ್ ಎಂಬ ಸಣ್ಣ ಮೀನನ್ನು ಅದರ ಬಾಯಿಗೆ ಕೊಟ್ಟರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಅದಕ್ಕೆ ಲೋಹದ ಚೂರುಗಳ ಮೇಲೆ ಆಸೆ. ಕಚ್ಚಿಕೊಂಡು ಹೋಗಿ ತನ್ನ ಜಾಗದಲ್ಲಿ ಗುಡ್ಡೆ ಹಾಕುತ್ತದೆ, ಹಾಗೆ ಕಚ್ಚುವಾಗ ಹಲ್ಲು ಉದುರುತ್ತದೆ, ಆ ಹಲ್ಲು ಗಟ್ಟಿ ಗಾಜು ಮಾಡಲು ನಮಗೆ ಬೇಕು. ಕೊಂದರೆ ಏನೂ ಇಲ್ಲ, ಜೊತೆಗಿದ್ದರೆ ಲಾಭ. ಗವಿಗಳಲ್ಲಿ ಗಂಧಕದ ಗಿಡದೊಳಗೆ ಕ್ರ್ಯಾಶ್‌ಫಿಶ್ ಇರುತ್ತದೆ. ಹತ್ತಿರ ಹೋದವರ ಮೇಲೆ ನುಗ್ಗಿ ತಾನೇ ಸಿಡಿದು ಸಾಯುತ್ತದೆ. ಆದರೆ ದುರಸ್ತಿಯ ಉಪಕರಣಕ್ಕೆ ಬೇಕಾದ ಗಂಧಕ ಇರುವುದು ಅದರ ಗೂಡಿನಲ್ಲೇ. ಗ್ಯಾಸೋಪಾಡ್ ಎಂಬ ದಡ್ಡ ಮುಖದ ದೊಡ್ಡ ಪ್ರಾಣಿ ನಮ್ಮ ಬೆನ್ನು ಹತ್ತುವುದೇ ಇಲ್ಲ. ನಾವು ತೀರಾ ಹತ್ತಿರ ಹೋದಾಗ ಮಾತ್ರ ವಿಷದ ಉಂಡೆ ಬಿಡುತ್ತದೆ. ಸ್ಯಾಂಡ್‌ಶಾರ್ಕ್ ಮರಳಿನಡಿ ಹುದುಗಿ ಮಲಗಿರುತ್ತದೆ.

ಇವೆಲ್ಲದರ ಮೇಲೆ ರೀಪರ್ ಲೆವಿಯಾಥನ್. ಬಿದ್ದ ನೌಕೆಯ ಸುತ್ತಲಿನ ಮಬ್ಬು ನೀರಿನಲ್ಲಿ ಅದರ ವಾಸ. ಅದು ಕಾಣುವ ಮೊದಲು ಅದರ ಕೂಗು ಕೇಳುತ್ತದೆ. ಆ ಕೂಗಿನ ಮಾರ್ದನಿಯಿಂದಲೇ ಅದು ದಾರಿ, ಬೇಟೆ ಎರಡನ್ನೂ ತಿಳಿಯುತ್ತದೆ. ಎಂದರೆ ನಿಮಗೆ ಅದರ ಕೂಗು ಕೇಳಿತು ಅಂದರೆ ಅದಕ್ಕೆ ನಿಮ್ಮ ಸುಳಿವು ಸಿಕ್ಕಿತು ಅಂತಲೇ ಲೆಕ್ಕ. ಮೊದಲ ಸಲ ಅದು ನಮ್ಮ ದೋಣಿಯನ್ನು ಕೊಂಡಿಯಂಥ ಕೈಗಳಲ್ಲಿ ಹಿಡಿದು ಅಲುಗಾಡಿಸಿದಾಗ ನಮ್ಮಲ್ಲೊಬ್ಬ ಹೆದರಿ ಲ್ಯಾಪ್‌ಟಾಪಿನ ಮುಚ್ಚಳವನ್ನೇ ಮುಚ್ಚಿಬಿಟ್ಟ.

ಜಗಳ ಶುರುವಾದದ್ದು ಇಲ್ಲಿ. ನಮ್ಮಲ್ಲಿ ಎರಡು ಪಕ್ಷವಾಯಿತು. ಒಂದು ಪಕ್ಷ, ಇದನ್ನು ಹೇಗಾದರೂ ಮಾಡಿ ಕೊಲ್ಲಬೇಕು ಅಂತ. ಕೊಲ್ಲಬಹುದು. ನಿಲ್ಲಿಸುವ ಕೋವಿಯಿಂದ ಹೆಪ್ಪುಗಟ್ಟಿಸಿ ಚಾಕುವಿನಿಂದ ಹತ್ತಾರು ಸಲ ತಿವಿದು ತಿವಿದು ಕೊಂದವರ ವಿಡಿಯೋಗಳು ಬೇಕಾದಷ್ಟಿವೆ. ನಮ್ಮ ಹುಡುಗನೂ ಒಂದು ರಾತ್ರಿ ಹಾಗೆ ಕೊಂದ. ಕೊಂದ ಮೇಲೆ ಏನು ಸಿಕ್ಕಿತು? ಮಾಂಸವಿಲ್ಲ, ಚರ್ಮವಿಲ್ಲ, ಒಂದು ಮೆಚ್ಚುಗೆಯ ಮಾತೂ ಇಲ್ಲ. ಆಟ ಅವನನ್ನು ಹೊಗಳಲಿಲ್ಲ. ಸತ್ತ ಹೆಣ ನೀರಲ್ಲಿ ತೇಲುತ್ತಿತ್ತು, ಅಷ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದ. ಇನ್ನೊಂದು ಪಕ್ಷ ಹೇಳಿದ್ದು, ದೀಪ ಆರಿಸು, ಎಂಜಿನ್ ನಿಧಾನ ಮಾಡು, ಅದರ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗು ಅಂತ. ಇದಕ್ಕೆ ಮೊದಲ ಪಕ್ಷ ‘ಹೇಡಿಗಳು’ ಅಂತ ನಕ್ಕಿತು.

ಈ ಹೊತ್ತಿಗೆ ಗೆಳೆಯನ ಅಮ್ಮ ಚಾ ತಂದರು. ಆಕೆ ಹರೆಯದಿಂದ ಸೀತಾ ಹೊಳೆಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತು ಮರುವಾಯಿ ಹೆಕ್ಕಿದವರು. ಈಗಲೂ ಇಳಿತದ ಹೊತ್ತು ನೋಡಿ ಇಳಿಯುತ್ತಾರೆ. ಪರದೆಯ ಮೇಲೆ ಸ್ಯಾಂಡ್‌ಶಾರ್ಕ್ ಮರಳಿನಿಂದ ಎದ್ದು ಬಂದು ಕಚ್ಚಿದ್ದನ್ನು ಕಂಡು ಬಾಗಿಲಲ್ಲೇ ನಿಂತರು. “ಇದ್ ನಮ್ ತೊರಕಿ ಕಣೆಗೇ ಆಯ್ತಲ್ಲ” ಅಂದರು. ತೊರಕೆ ಗೊತ್ತಲ್ಲ, ಚಪ್ಪಟೆ ಮೈ, ಉದ್ದ ಬಾಲ, ಬಾಲದಲ್ಲಿ ವಿಷದ ಮುಳ್ಳು. ಹಿನ್ನೀರಿನ ಮರಳಿನಲ್ಲಿ ಮೈ ಮುಚ್ಚಿಕೊಂಡು ಮಲಗುತ್ತದೆ. ಹುಡುಗರು ‘ಅದನ್ನು ಹೇಗೆ ಕೊಲ್ಲುವುದು’ ಅಂತ ಕೇಳಿದರು. ಆಕೆ ಹೇಳಿದ್ದು ಇಷ್ಟು:

“ಕೊಲ್ಲೂದ್ ಎಂತಕ್ಕೆ ಮಾಣಿ? ಹೊಳಿಗ್ ಇಳ್ದ್ರೆ ಕಾಲ್ ಎತ್ತಿ ಎತ್ತಿ ಇಡೂಕಾಗ. ನೆಲಕ್ಕ್ ಎಳ್ಕಂಡ್ ಎಳ್ಕಂಡ್ ಹೋಯ್ಕ್. ಅದಕ್ಕ್ ಗೊತ್ತಾತ್ತ್, ಅದೇ ಎದ್ದ್ ಹೋತ್ತ್. ಅದಕ್ಕೆಂತ ನಿನ್ ಮೇಲೆ ಹಗೆಯಾ? ನೀ ಬೆನ್ನ್ ಮೆಟ್ಟಿದ್ದಕ್ಕೆ ಬಾಲ ಬೀಸ್ತ್.”

ಚುಚ್ಚಿದರೆ? ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಕಾಲು ಇಡಬೇಕು ಅಂದರು. ಇದನ್ನೇ ಇವತ್ತಿನ ವೈದ್ಯರೂ ಹೇಳುತ್ತಾರೆ, ಏಕೆಂದರೆ ತೊರಕೆಯ ವಿಷ ಬಿಸಿಗೆ ಶಕ್ತಿ ಕಳೆದುಕೊಳ್ಳುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು, ಮುಳ್ಳಿನ ಚೂರು ಒಳಗೆ ಉಳಿದಿರಬಹುದು.

ಅಕ್ಷರ ಕಲಿಯದ ಆ ತಾಯಿಯ ಮಾತಿನಲ್ಲಿ ಇಡೀ ಆಟದ ಗುಟ್ಟಿತ್ತು. ಕಾಡುವ ಜಂತು ಅಂತ ಯಾವುದನ್ನು ಕರೆಯುತ್ತೇವೋ ಅದು ತನ್ನ ಮನೆಯಲ್ಲಿದೆ, ಹೊಟ್ಟೆಪಾಡಿಗೆ ಅಲ್ಲಿಗೆ ಇಳಿದವರು ನಾವು. ಇಳಿಯದೆ ಇರಲು ಸಾಧ್ಯವಿಲ್ಲ, ಆದ್ದರಿಂದ ಇಳಿಯುವ ರೀತಿ ಕಲಿಯಬೇಕು. ಇದನ್ನು ಹೇಡಿತನ ಅಂತ ಕರೆಯುವವರು ಒಂದು ದಿನವೂ ಕೆಸರಿನಲ್ಲಿ ನಿಂತವರಲ್ಲ. ಬೇಟೆಯ ಪರಾಕ್ರಮದ ಕಥೆಗಳು ಯಾವತ್ತೂ ಅರಮನೆಯ ಕಥೆಗಳು. ಹೊಳೆಯಲ್ಲಿ ದಿನಾ ದುಡಿಯುವವರಿಗೆ ನಾಳೆಯೂ ಅದೇ ಹೊಳೆಗೆ ಇಳಿಯಬೇಕಾಗಿದೆ. ಅವರಿಗೆ ಪರಾಕ್ರಮ ಬೇಕಾಗಿಲ್ಲ, ಎರಡು ಕಾಲು ಬೇಕು. ಈ ತಿಳಿವಳಿಕೆ ಅಮೆರಿಕದ ಆಟವೊಂದರಲ್ಲಿ ಕಂಡದ್ದು ನಮಗೆ ಖುಷಿಯ ಸಂಗತಿ. ನಮ್ಮ ಅಮ್ಮಂದಿರ ಬಾಯಲ್ಲಿ ಅದು ಇಷ್ಟು ಕಾಲ ಇದ್ದೂ ಅದನ್ನು ನಾವು ಜ್ಞಾನ ಅಂತ ಎಣಿಸದೆ ಹೋದದ್ದು ನಾಚಿಕೆಯ ಸಂಗತಿ.

ಇಲ್ಲಿಗೆ ಬಾರ್ಕೂರಿನದೇ ಒಂದು ಕಥೆ ನೆನಪಾಗದೆ ಇರದು. ಆಳುಪರ ರಾಜಧಾನಿಯಾಗಿದ್ದ ಊರು ಇದು, ಬಾರಕನ್ಯಾಪುರ. ಮುಂದೆ ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯಕ್ಕೆ ಇದೇ ಕೇಂದ್ರ. ಹೊಳೆಯಲ್ಲಿ ಸರಕು ಬಂದು ಹೋಗುತ್ತಿತ್ತು. ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ, ಕೋಟೆಕೇರಿ ಅಂತ ಕೇರಿಗಳ ಹೆಸರು ಇನ್ನೂ ಉಳಿದಿದೆ. ಕತ್ತಲೆ ಬಸದಿ ಹಾಳಾಗಿ ನಿಂತಿದೆ. ಈ ಊರಿನ ಹೆಸರು ಕೇಳಿದ ಕೂಡಲೇ ಕರಾವಳಿಯವರು ಹೇಳುವುದು ಭೂತಾಳ ಪಾಂಡ್ಯನ ಐತಿಹ್ಯ. ದೇವ ಪಾಂಡ್ಯ ಎಂಬ ದೊರೆ ಹಡಗುಗಳಿಗೆ ಸಂಪತ್ತು ತುಂಬಿಸಿ ಹೊರಡಿಸುತ್ತಾನೆ. ಹಡಗು ಕದಲುವುದಿಲ್ಲ. ಕುಂಡೋದರ ಎಂಬ ಭೂತ ತಡೆದಿದೆ. ಅದಕ್ಕೆ ನರಬಲಿ ಬೇಕು. ದೊರೆ ತನ್ನ ಮಕ್ಕಳಲ್ಲಿ ಒಬ್ಬನನ್ನು ಕೊಡು ಅಂತ ಹೆಂಡತಿಯನ್ನು ಕೇಳುತ್ತಾನೆ. ಆಕೆ ಕೊಡುವುದಿಲ್ಲ, ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುತ್ತಾಳೆ. ತಂಗಿ ತನ್ನ ಮಗ ಜಯ ಪಾಂಡ್ಯನನ್ನು ಒಪ್ಪಿಸುತ್ತಾಳೆ. ಕುಂಡೋದರ ಆ ಹುಡುಗನ ಲಕ್ಷಣ ನೋಡಿ ಕೊಲ್ಲದೆ, ಭೂತಾಳ ಪಾಂಡ್ಯ ಅಂತ ಹೆಸರಿಟ್ಟು ದೊರೆ ಮಾಡುತ್ತದೆ. ಆಸ್ತಿ ಇನ್ನು ಮೇಲೆ ಮಗನಿಗಲ್ಲ, ಅಳಿಯನಿಗೆ ಅಂತ ಕಟ್ಟು ಮಾಡುತ್ತದೆ. ಅಳಿಯಸಂತಾನ ಹುಟ್ಟಿದ್ದಕ್ಕೆ ಹೇಳುವ ಕಥೆ ಇದು. ಇದನ್ನು ಚರಿತ್ರೆ ಅಂತ ನಾವು ಒಪ್ಪಬೇಕಾಗಿಲ್ಲ. ಕಥೆಯಾಗಿ ಇದು ಏನು ಹೇಳುತ್ತದೆ, ಏನನ್ನು ಮುಚ್ಚಿಡುತ್ತದೆ ಎನ್ನುವುದು ಮುಖ್ಯ.

ಹಡಗು ಯಾರದ್ದು? ದೊರೆಯದ್ದು. ಸಂಪತ್ತು ಯಾರದ್ದು? ದೊರೆಯದ್ದು. ಬಲಿ ಯಾರು? ಹೆಂಗಸೊಬ್ಬಳು ಹೆತ್ತ ಮಗು. ಕಥೆ ಹೇಳುವವರೆಲ್ಲ ಕೊಟ್ಟ ತಂಗಿಯನ್ನು ಹಾಡಿ ಹೊಗಳಿ, ಕೊಡದ ಹೆಂಡತಿಯನ್ನು ಸ್ವಾರ್ಥಿ ಅಂತ ಮೂಲೆಗೆ ತಳ್ಳಿದರು. ಅವಳ ಸಂತಾನಕ್ಕೆ ಆಸ್ತಿ ತಪ್ಪಿದ್ದು ಶಿಕ್ಷೆ ಅಂತ ಅವರ ಲೆಕ್ಕ. ನಾವು ಕೇಳುತ್ತೇವೆ: ದೊರೆಯ ಸರಕು ಸಾಗಲಿ ಅಂತ ತನ್ನ ಮಗುವನ್ನು ಕೊಡಲಾರೆ ಅಂದ ಆ ತಾಯಿಯ ತಪ್ಪೇನು? ಇಡೀ ಐತಿಹ್ಯದಲ್ಲಿ ‘ಇಲ್ಲ’ ಅಂದವಳು ಅವಳೊಬ್ಬಳೇ. ಅವಳ ಹೆಸರನ್ನು ಹೇಳುವವರು ಕಡಿಮೆ. ಇನ್ನೊಂದು ಮಾತು. ನೀರಿನ ಭೂತವನ್ನು ಭಯಂಕರ ಅಂತ ಚಿತ್ರಿಸಿದ ಕಥೆಯಲ್ಲಿ ಕಡೆಗೆ ಮಗುವನ್ನು ಬದುಕಿಸಿದ್ದು ಭೂತವೇ. ಕೊಡಲು ಸಿದ್ಧನಾದವನು ದೊರೆ.

ಈ ಕಣ್ಣಿನಿಂದ ಆಟಕ್ಕೆ ವಾಪಸು ಬಂದರೆ ಅದರ ಒಳಗುಟ್ಟು ಬೇರೆಯೇ ಕಾಣುತ್ತದೆ. ಆಳಕ್ಕೆ ಇಳಿದ ಹಾಗೆ ತಿಳಿಯುವುದು ಇದು: ನಮಗಿಂತ ಬಹಳ ಮೊದಲೇ ಆ ಗ್ರಹಕ್ಕೆ ಇನ್ನೊಂದು ಬುದ್ಧಿವಂತ ಜನಾಂಗ ಬಂದಿತ್ತು. ಖಾರಾ ಎಂಬ ರೋಗಕ್ಕೆ ಮದ್ದು ಹುಡುಕಲು ಅವರು ನೀರಿನಡಿ ಪ್ರಯೋಗಶಾಲೆ ಕಟ್ಟಿದರು. ಸೀ ಡ್ರ್ಯಾಗನ್ ಎಂಬ ದೈತ್ಯ ಜೀವಿಯ ಮೊಟ್ಟೆಯನ್ನು ಎತ್ತಿ ತಂದರು. ತನ್ನ ಮೊಟ್ಟೆ ಹುಡುಕಿ ಬಂದ ಆ ಜೀವಿ ತಲೆ ಚಚ್ಚಿ ಚಚ್ಚಿ ಪ್ರಯೋಗಶಾಲೆಯನ್ನು ಒಡೆಯಿತು. ರೋಗ ಸಮುದ್ರಕ್ಕೆಲ್ಲ ಹಬ್ಬಿದ್ದು ಆಗ. ಸೀ ಎಂಪರರ್ ಎಂಬ ಇನ್ನೊಂದು ತಾಯಿಯನ್ನು ಸಾವಿರ ವರ್ಷ ಸೆರೆಯಲ್ಲಿಟ್ಟರು. ಅವಳ ಮಕ್ಕಳ ಮೈಯಿಂದ ಬರುವ ರಸವೇ ರೋಗಕ್ಕೆ ಮದ್ದು. ಆದರೆ ಸೆರೆಯಲ್ಲಿ ಮೊಟ್ಟೆ ಒಡೆಯಲಿಲ್ಲ. ಬಲವಂತದಿಂದ ಏನನ್ನೂ ಪಡೆಯಲಾಗದೆ ಅವರು ಸೋತರು. ಅವರೇ ತಯಾರಿಸಿ ಬಿಟ್ಟ ವಾರ್ಪರ್ ಎಂಬ ಅರೆಯಂತ್ರ ಜಂತುಗಳು ಇನ್ನೂ ಕಾವಲು ತಿರುಗುತ್ತ, ರೋಗ ತಗುಲಿದವರನ್ನು ದೋಣಿಯೊಳಗಿಂದಲೇ ಹೊರಗೆಳೆದು ಕೊಲ್ಲುತ್ತವೆ.

ಆಟದಲ್ಲಿ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಬೆನ್ನುಬಿಡದೆ ಕಾಡಿದ್ದು ಈ ವಾರ್ಪರ್. ಅದಕ್ಕೆ ಮೀನು ಕೊಟ್ಟು ಸಮಾಧಾನ ಮಾಡಲಾಗದು. ಅದಕ್ಕೆ ಹಸಿವಿಲ್ಲ, ಮರಿಯಿಲ್ಲ, ಮನೆಯಿಲ್ಲ. ಅದಕ್ಕಿರುವುದು ಅಪ್ಪಣೆ ಮಾತ್ರ. ಅಪ್ಪಣೆ ಕೊಟ್ಟವರು ಹೋಗಿಯಾಗಿದೆ, ಅಪ್ಪಣೆ ಉಳಿದಿದೆ. ಇಂಥ ಅಪ್ಪಣೆಗಳ ಪರಿಚಯ ನಮಗೆ ಹೊಸದೇನಲ್ಲ. ಯಾರು ಯಾವ ಬಾವಿ ಮುಟ್ಟಬಾರದು, ಯಾರು ಯಾವ ಅಂಗಳಕ್ಕೆ ಬರಬಾರದು ಎಂದು ಎಂದೋ ಯಾರೋ ಬರೆದಿಟ್ಟದ್ದನ್ನು ಬರೆದವರು ಸತ್ತ ಮೇಲೂ ಕಾವಲು ಕಾಯುವವರು ನಮ್ಮೂರುಗಳಲ್ಲಿ ಇದ್ದಾರೆ. ಹಸಿದು ಕಚ್ಚುವುದಕ್ಕೂ ಅಪ್ಪಣೆಯಂತೆ ಕಚ್ಚುವುದಕ್ಕೂ ಇರುವ ವ್ಯತ್ಯಾಸವನ್ನು ಈ ಆಟ ಮಾತಿಲ್ಲದೆ ತೋರಿಸುತ್ತದೆ. ಕಡೆಗೆ ಗ್ರಹ ಬಿಡುಗಡೆಯಾಗುವುದು ಹೇಗೆ? ಆ ಸೆರೆಯಾಳು ತಾಯಿಯ ಮೊಟ್ಟೆ ಒಡೆಯಲು ಕೂಲಿಯಾಳು ರೈಲಿ ಸಹಾಯ ಮಾಡುತ್ತಾನೆ. ಮರಿಗಳು ಈಜಿ ಹೊರಡುತ್ತವೆ, ರೋಗ ವಾಸಿಯಾಗುತ್ತದೆ, ತಾಯಿ ಸಾಯುತ್ತಾಳೆ. ಆ ದೃಶ್ಯದಲ್ಲಿ, ರೀಪರನ್ನು ಕೊಂದಿದ್ದ ನಮ್ಮ ಹುಡುಗನೇ ಮುಖ ಆಚೆ ತಿರುಗಿಸಿದ.

ಇನ್ನು ಕಂಪನಿಯ ಮಾತಿಗೆ ಬರೋಣ. ನೌಕೆ ಬಿದ್ದಿದೆ, ಜೊತೆಯವರೆಲ್ಲ ಸತ್ತಿದ್ದಾರೆ, ಒಬ್ಬ ಕೂಲಿಯವ ಉಸಿರಿಗಾಗಿ ಒದ್ದಾಡುತ್ತಿದ್ದಾನೆ. ಆಗ ಕೈಯಲ್ಲಿನ ಯಂತ್ರ ತಣ್ಣನೆಯ ದನಿಯಲ್ಲಿ ಒಂದು ವಿಷಯ ನೆನಪಿಸುತ್ತದೆ: ಇಲ್ಲಿ ಸಿಗುವ ಅದಿರು ಖನಿಜವೆಲ್ಲ ಆಲ್ಟೆರಾ ಕಂಪನಿಯ ಸ್ವತ್ತು, ನೀನು ಬಳಸಿದ್ದಕ್ಕೆಲ್ಲ ಮಾರುಕಟ್ಟೆಯ ಪೂರ್ತಿ ಬೆಲೆ ಕಟ್ಟಬೇಕು, ಇವತ್ತಿನವರೆಗಿನ ನಿನ್ನ ಬಾಕಿ 30 ಲಕ್ಷ ಕ್ರೆಡಿಟ್! ಕಂಪನಿ ಅವನನ್ನು ಕರೆದೊಯ್ಯಲು ಹಡಗು ಕಳಿಸುವುದಿಲ್ಲ. ಬದಲಿಗೆ ರಾಕೆಟ್ಟಿನ ನಕ್ಷೆ ಕಳಿಸುತ್ತದೆ, ನೀನೇ ಕಟ್ಟಿಕೊಂಡು ಬಾ ಅಂತ. ದಾರಿಯಲ್ಲಿ ಹೋಗುತ್ತಿದ್ದ ಸನ್‌ಬೀಮ್ ಎಂಬ ವ್ಯಾಪಾರಿ ನೌಕೆಯವರು ಮಾತ್ರ ಕನಿಕರದಿಂದ ಬರುತ್ತಾರೆ, ಬಂದು ಹಳೆಯ ಜನಾಂಗದ ಫಿರಂಗಿಗೆ ಸಿಕ್ಕಿ ಸುಟ್ಟು ಹೋಗುತ್ತಾರೆ. ಕಡೆಗೆ ರೈಲಿ ರಾಕೆಟ್ ಕಟ್ಟಿ ಹೊರಡುತ್ತಾನೆ. ಆಟ ಮುಗಿಯಿತು ಅಂತ ನಾವು ಉಸಿರು ಬಿಡುವಾಗ ಕೊನೆಯ ಮಾತು ಬರುತ್ತದೆ: ಬಾಕಿ ತೀರಿಸಿದ ಮೇಲೆ ಇಳಿಯಲು ಅನುಮತಿ. ಬಾಕಿ ಎಷ್ಟು? ಒಂದು ಲಕ್ಷ ಕೋಟಿ ಕ್ರೆಡಿಟ್.

ಬೆಂಗಳೂರಿನ ಗೆಳೆಯ ಇದನ್ನು ತಮಾಷೆ ಅಂತ ನಕ್ಕ. ನಗುವಂಥದ್ದೇ. ಆದರೆ ಗೆಳೆಯನ ಅಮ್ಮ ನಗಲಿಲ್ಲ. ಗೇಣಿ ಕೊಟ್ಟೂ ಕೊಟ್ಟೂ ಮುಗಿಯದ ಲೆಕ್ಕವನ್ನು ಅವರ ಅಪ್ಪ ಕಂಡವರು. ಅಪ್ಪನ ಸಾಲಕ್ಕೆ ಮಗ, ಮಗನ ಸಾಲಕ್ಕೆ ಮೊಮ್ಮಗ ದುಡಿದ ದೇಶ ಇದು. ಜೀತದ ಸಾಲವನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಇಡೀ ಆಟದುದ್ದಕ್ಕೂ ರೀಪರ್, ಡ್ರ್ಯಾಗನ್ ಅಂತ ನಾವು ಹೆದರಿದ್ದೆವು. ಅವಕ್ಕೆ ಬೇಕಾದದ್ದು ಒಂದು ಹೊತ್ತಿನ ಊಟ. ಅವು ತಮ್ಮ ನೀರು ಬಿಟ್ಟು ನಮ್ಮ ಹಿಂದೆ ಆಕಾಶಕ್ಕೆ ಬರಲಿಲ್ಲ. ಗ್ರಹ ಬಿಟ್ಟರೂ ಬಿಡದೆ ಹಿಂದೆ ಬಂದದ್ದು ಕಂಪನಿಯ ಲೆಕ್ಕದ ಪುಸ್ತಕ.

ಅಪಾಯದ ನೀರಿಗೆ ಮೊದಲು ಯಾರನ್ನು ಇಳಿಸುತ್ತಾರೆ ಎನ್ನುವ ಪ್ರಶ್ನೆ ಕರಾವಳಿಗೆ ಹೊರಗಿನದಲ್ಲ. ಕಂಬಳದ ಗದ್ದೆಗೆ ಕೋಣ ಇಳಿಸುವ ಮುನ್ನ ಗಾಜಿನ ಚೂರು, ಮುಳ್ಳು ಇದೆಯೋ ಅಂತ ತಿಳಿಯಲು ಕೊರಗರನ್ನು ಆ ಕೆಸರಿನಲ್ಲಿ ಓಡಿಸುತ್ತಿದ್ದರು. ಕೋಣದ ಕಾಲಿಗೆ ಬೆಲೆಯಿತ್ತು, ಮನುಷ್ಯನ ಕಾಲಿಗೆ ಇರಲಿಲ್ಲ. ಅಜಲು ಪದ್ಧತಿಯನ್ನು ನಿಷೇಧಿಸಿ ಕರ್ನಾಟಕ ಸರಕಾರ ಕಾಯಿದೆ ಮಾಡಿದ್ದು 2000ದಲ್ಲಿ. ‘ಅಗತ್ಯವಿಲ್ಲದ’ ಹುದ್ದೆಯ ರೈಲಿಯನ್ನು ನೋಡುವಾಗ ನಮಗೆ ಈ ಕಾಲುಗಳು ನೆನಪಾದವು. ಇದನ್ನು ಅತಿ ಅನ್ನುವವರು ಅನ್ನಲಿ.

ಇಷ್ಟೆಲ್ಲ ಹೊಗಳಿದ ಮೇಲೆ ಆಟದ ದೋಷಗಳನ್ನೂ ಹೇಳಬೇಕು. ಮೊದಲನೆಯದು, ಈ ಸಮುದ್ರದಲ್ಲಿ ಜನವಿಲ್ಲ. ಅಲ್ಲಿ ಮೀನು ಹಿಡಿಯುವವರಿಲ್ಲ, ಚಿಪ್ಪು ಹೆಕ್ಕುವವರಿಲ್ಲ, ಆ ಜಂತುಗಳಿಗೆ ಹೆಸರಿಟ್ಟು ಹಾಡು ಕಟ್ಟಿದವರಿಲ್ಲ. ಖಾಲಿ ನೆಲ, ಖಾಲಿ ನೀರು ಅನ್ನುವುದು ದೋಚುವವರ ಹಳೆಯ ಕನಸು. ಯಾರೂ ಇಲ್ಲದ ಕಡೆ ಎಷ್ಟು ಬಗೆದರೂ ಪಾಪವಿಲ್ಲ! ಕಂಪನಿಯನ್ನು ಗೇಲಿ ಮಾಡುವ ಆಟ ಆಡುವವನ ಕೈಯಿಂದ ಮಾಡಿಸುವುದು ಕಂಪನಿಯ ಕೆಲಸವನ್ನೇ: ಹೆಕ್ಕು, ಕೊರೆ, ತುಂಬು, ಇನ್ನೂ ದೊಡ್ಡದು ಕಟ್ಟು. ಪ್ರತಿ ಜೀವಿಯನ್ನೂ ಯಂತ್ರದ ಬೆಳಕಿನಿಂದ ಸವರಿದರೆ ಅದರ ವಿವರ ಪಟ್ಟಿಗೆ ಸೇರುತ್ತದೆ. ಅರಿಯುವುದು ಎಂದರೆ ದಾಖಲು ಮಾಡುವುದು ಎಂಬಷ್ಟಕ್ಕೇ ಅದು ನಿಂತುಬಿಡುತ್ತದೆ. ತೊರಕೆಯ ಬಗ್ಗೆ ಆ ತಾಯಿಗಿದ್ದ ಅರಿವು ಪಟ್ಟಿಯಲ್ಲಿ ಇರಲಿಲ್ಲ, ಅಂಗಾಲಿನಲ್ಲಿ ಇತ್ತು.

ಎರಡನೆಯದು, ಭಯ ಕೊನೆಯವರೆಗೆ ಉಳಿಯುವುದಿಲ್ಲ. ಬರಿಮೈಯಲ್ಲಿ ಈಜುವಾಗ ಇದ್ದ ಎಚ್ಚರ, ವಿನಯ ಎಲ್ಲ ದೊಡ್ಡ ಯಂತ್ರದೊಳಗೆ ಕೂತ ಕೂಡಲೇ ಕರಗುತ್ತದೆ. ಕಬ್ಬಿಣದ ಕವಚ ತೊಟ್ಟು ಕೊರೆಯುವ ಕೈ ಸಿಕ್ಕಿದ ಮೇಲೆ ಆಡುವವನು ತಾನೇ ಒಂದು ಜಂತುವಾಗುತ್ತಾನೆ. ಬರಿಗೈಯವನಿಗೆ ಕಲಿಸಿದ ಪಾಠವನ್ನು ಆಟವೇ ಹಣವಂತನಾದ ಮೇಲೆ ಮರೆಸುತ್ತದೆ. ಇದು ನಮ್ಮ ಸಮುದ್ರದಲ್ಲಿ ಆಗಿರುವುದೂ ಹೌದು. ನಾಡದೋಣಿಯವನು ನೀರಿನ ಬಣ್ಣ ನೋಡಿ ಬಲೆ ಬೀಸುತ್ತಿದ್ದ. ದೊಡ್ಡ ದೀಪ ಕಟ್ಟಿ ಮೀನು ಸೆಳೆದು ಬಾಚುವ ಪದ್ಧತಿ ಬಂತು. ಅದನ್ನೂ ಎರಡು ದೋಣಿ ಸೇರಿ ಎಳೆಯುವ ಬುಲ್‌ಟ್ರಾಲನ್ನೂ ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಬೇಕಾಯಿತು. ಹೊಳೆಯಲ್ಲೂ ಅಷ್ಟೆ. ಮರಳು ಬಗೆದು ಹೋದ ಗುಂಡಿಯಲ್ಲಿ ಮರುವಾಯಿ ಕೂರುವುದಿಲ್ಲ. ಆ ಗುಂಡಿಯಲ್ಲಿ ತೊರಕೆಯೂ ಇರುವುದಿಲ್ಲ. ಯಾವ ಜಂತುವೂ ಕಾಡದ ಹೊಳೆ ಅಂದರೆ ಇದೇ, ಏನಂತೀರಿ?

ಮೂರನೆಯದು ಆಟದ ಹೊರಗಿನ ಸಂಗತಿ. ಇದನ್ನು ಆಡಲು ಬೇಕಾದ ಯಂತ್ರದ ಬೆಲೆ ಮರುವಾಯಿ ಹೆಕ್ಕುವವರ ಎಷ್ಟು ತಿಂಗಳ ದುಡಿಮೆಯೋ. ನಮ್ಮ ಹುಡುಗರಿಗೆ ಪುಕ್ಕಟೆ ಸಿಗುವುದು ಬಂದೂಕಿನ ಆಟ, ಬಂದೂಕಿಲ್ಲದ ಆಟಕ್ಕೆ ದುಡ್ಡು ಕೊಡಬೇಕು. ಇನ್ನೂ ಒಂದು ವ್ಯಂಗ್ಯವಿದೆ. 2021ರಲ್ಲಿ ಈ ಸಂಸ್ಥೆಯನ್ನು 50 ಕೋಟಿ ಡಾಲರ್ ಕೊಟ್ಟು, ಗುರಿ ತಲುಪಿದರೆ ಇನ್ನೂ 25 ಕೋಟಿ ಅಂತ ಮಾತು ಕೊಟ್ಟು, ಕೊಂಡದ್ದು ದಕ್ಷಿಣ ಕೊರಿಯಾದ ಕ್ರಾಫ್ಟನ್. ನಮ್ಮ ಹುಡುಗರ ಮೊಬೈಲಿನ ಬಿಜಿಎಂಐ ಕೂಡ ಅದೇ ಕಂಪನಿಯದು. 2025ರ ಜುಲೈಯಲ್ಲಿ ಕ್ಲೀವ್‌ಲ್ಯಾಂಡ್ ಸೇರಿದಂತೆ ಸಂಸ್ಥೆಯ ಮುಖ್ಯಸ್ಥರನ್ನು ಅವರ ಜಾಗದಿಂದ ತೆಗೆದರು, ಆ 25 ಕೋಟಿಯ ಲೆಕ್ಕ ಕೋರ್ಟಿಗೆ ಹೋಯಿತು. ಆಟದಲ್ಲಿ ಕಂಪನಿಯ ಬಾಕಿಯನ್ನು ತಮಾಷೆ ಮಾಡಿದವರಿಗೆ ನಿಜದ ಕಂಪನಿಯೊಂದಿಗೆ ಲೆಕ್ಕದ ಜಗಳ ಗಂಟುಬಿತ್ತು. ಯಾರ ಕಡೆ ನ್ಯಾಯ ಅಂತ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ನೀರೊಳಗಿನ ಜಂತುಗಳನ್ನು ಬಲ್ಲ ಕಲಾವಿದರಿಗೂ ನೆಲದ ಮೇಲಿನ ಜಂತು ಹೊಸದು ಅಂತ ಕಾಣುತ್ತದೆ.

ಈ ದೋಷಗಳೆಲ್ಲ ಇದ್ದೂ ‘ಸಬ್‌ನಾಟಿಕಾ’ ನೋಡತಕ್ಕ ಕೃತಿ ಅಂತಲೇ ನಮ್ಮ ಅಭಿಪ್ರಾಯ. ಕೊಲ್ಲದೆ ಬದುಕುವುದು ಸಾಧ್ಯ ಎಂದು ಅದು ಉಪದೇಶ ಮಾಡುವುದಿಲ್ಲ, ನಮ್ಮ ಕೈಯಿಂದ ಮಾಡಿಸಿ ತೋರಿಸುತ್ತದೆ. ಅದರಲ್ಲಿ ಇಲ್ಲದ್ದನ್ನು ನಾವು ಸೇರಿಸಬೇಕು. ಆ ನೀರಿಗೆ ಜನರನ್ನು ತರಬೇಕು, ಜಂತುಗಳಿಗೆ ನಮ್ಮ ಹೆಸರು ತರಬೇಕು, ಮಗುವನ್ನು ಕೊಡಲಾರೆ ಅಂದ ಬಾರ್ಕೂರಿನ ಆ ತಾಯಿಯನ್ನು ತರಬೇಕು. ಇದನ್ನು ಆಟವಾಗಿ ಕಟ್ಟುವ ತಾಂತ್ರಿಕ ಬಲ ನಮ್ಮಲ್ಲಿ ಇವತ್ತಿಲ್ಲ. ಬರೆದಿಡುವ ಬಲ ಇದೆ.

ಆದ್ದರಿಂದ ಓದುಗ ಗೆಳೆಯರಲ್ಲಿ ಒಂದು ಕೋರಿಕೆ. ಸೀತಾ, ಸ್ವರ್ಣಾ ಹೊಳೆಗಳು ಸೇರುವ ಕೋಡಿ ಬೆಂಗ್ರೆಯಿಂದ ಹಿಡಿದು ಹಂಗಾರಕಟ್ಟೆ, ಬಾರ್ಕೂರಿನ ತನಕ ನೀರಿಗಿಳಿದು ದುಡಿದ ಹಿರಿಯರು ನಿಮ್ಮ ಮನೆಗಳಲ್ಲಿದ್ದರೆ ಅವರ ಹತ್ತಿರ ಕೂರಿ. ಯಾವ ಜಂತು ಎಲ್ಲಿ ಮಲಗುತ್ತದೆ, ಯಾವ ತಿಂಗಳು ಯಾವ ನೀರಿಗೆ ಇಳಿಯಬಾರದು, ಕಚ್ಚಿದರೆ ಏನು ಮಾಡಬೇಕು ಅಂತ ಕೇಳಿ. ಅವರ ಮಾತಿನಲ್ಲೇ ಬರೆದು ಕಳಿಸಿ, ತಿದ್ದಬೇಡಿ. ನಾವು ಅಚ್ಚು ಹಾಕುತ್ತೇವೆ. ಗೆಳೆಯನ ಅಮ್ಮನ ಹತ್ತಿರ ನಾವು ಶುರು ಮಾಡಿದ್ದೇವೆ. ಮೊದಲ ದಿನ ಅವರು ಹೇಳಿದ್ದು ಎರಡು ಪುಟ ಆಯಿತು. “ಇಳಿತದ ಹೊತ್ತಾಯ್ತ್, ನಾಳೆ ಬನ್ನಿ” ಅಂತ ಬುಟ್ಟಿ ಎತ್ತಿಕೊಂಡು ಹೋದರು.